ಕವಡಿಕೆರೆಯ ಬೈಠಕ್ಕಿನಿಂದ ನೀವಿನ್ನೂ ಎದ್ದಿಲ್ಲ

ಅರವತ್ತೊಂದನೆಯ ಸಂವತ್ಸರ, ನಡುಗಾಳಿ ಮಾಸ, ಮೂವತ್ತಮೂರನೆಯ ದಿನ
ಕವಡಿಕೆರೆ, ಶಂಕೆಯ ಕಟ್ಟೆಯಿಂದ

ಮೂರನೆಯ ಟರ್ಮಿನಲ್ಲಿನ ಮುಂದೆ ಕೂತಿರುವವರಿಗೆ,

ನಮಸ್ಕಾರ. ಮೇಲಿನ ತಾರೀಖು ನೋಡಿ ಇದು ಯಾರದೋ ಕುಚೇಷ್ಟೆ ಎಂದುಕೊಳ್ಳಬೇಡಿ. ಪ್ರಭವದಿಂದ ಅಕ್ಷಯದವರೆಗೆ ಸಂವತ್ಸರಗಳು ಅರವತ್ತೇ ಎಂದು ನಿಮಗೆ ಕಲಿಸಿರುತ್ತಾರೆ. ಗುಡ್ಡದ ಮೇಲೆ ಗಾಳಿ ಪೂರ್ತಿ ನಿಂತುಹೋದ ಒಂದು ವರ್ಷವನ್ನು ಯಾವ ಹೆಸರಿನ ಕೆಳಗೂ ಸೇರಿಸಲು ನಮ್ಮ ಹಿರಿಯರು ಒಪ್ಪಲಿಲ್ಲ. ಜಗಳವಾಡಿ ಸುಸ್ತಾದ ಮೇಲೆ ಹೆಸರಿಲ್ಲದ ಅರವತ್ತೊಂದನೆಯದನ್ನು ಹುಟ್ಟಿಸಿದರು. ಅದು ಈಗ ಎರಡನೆಯ ಸಲ ಬಂದಿದೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಅರ್ಜಿಗಳನ್ನೂ ದೂರುಗಳನ್ನೂ ಓದಿ ಕಲಿತೆ. ಹಾಗಾಗಿ ನನ್ನ ಮಾತಿನಲ್ಲಿ ಅರ್ಜಿಯ ವಿನಯ ಒಂದು ಕಡೆ, ದೂರಿನ ಸಿಟ್ಟು ಒಂದು ಕಡೆ ಕಂಡರೆ ದಯವಿಟ್ಟು ಸಹಿಸಿಕೊಳ್ಳಿ. ಕೆಲವು ಪದಗಳು ನಿಮಗೆ ವಿಚಿತ್ರ ಅನ್ನಿಸಬಹುದು. ಅವನ್ನು ಬಂದ ಹಾಗೆ ಬಿಡಿಸಿ ಹೇಳುತ್ತೇನೆ.

ನನ್ನ ಹೆಸರು ನೀಲಗಂಗವ್ವ. ಊರು ನನಗೆ ಕೊಟ್ಟ ಹುದ್ದೆಗೆ ಶಂಕೆಯವಳು ಎಂದು ಹೆಸರು. ಊರಿನ ಮಾಹಿತಿಯ ಹತ್ತಿರ ಬಂದುಹೋಗುವ ಎಲ್ಲರನ್ನೂ ಸಂಶಯದಿಂದ ನೋಡುವುದು ನನ್ನ ದಿನದ ಕೆಲಸ. ಕೆಟ್ಟವರೆಂದು ಹೆಸರಾದವರ ಮೇಲೆ ಒಂದು ಕಣ್ಣು ಸಾಕು, ಒಳ್ಳೆಯವರೆಂದು ಹೆಸರಾದವರ ಮೇಲೆ ಎರಡೂ ಬೇಕು. ಇದನ್ನು ಯಾರೂ ನನಗೆ ಕಲಿಸಲಿಲ್ಲ, ನನ್ನ ಸ್ವಭಾವವೇ ಹಾಗೆ. ಊರಿನವರು ಮದುವೆಗೆ ಕರೆಯುತ್ತಾರೆ, ಊಟಕ್ಕೆ ಮಾತ್ರ ಪಂಕ್ತಿಯ ಕೊನೆಗೆ ಕೂರಿಸುತ್ತಾರೆ. ಬಡಿಸುವವರ ಕೈಯನ್ನೂ ನಾನು ಗಮನಿಸುತ್ತೇನಂತೆ. ಗಮನಿಸುತ್ತೇನೆ, ನಿಜ. ಇಷ್ಟು ವರ್ಷಗಳಲ್ಲಿ ನಾನು ಎಲ್ಲರಿಗಿಂತ ಹೆಚ್ಚು ಸಂಶಯಪಟ್ಟ ಮನುಷ್ಯ ಯಾರಾದರೂ ಇದ್ದರೆ ಅದು ನೀವು.

ನೀವು ಡೇಟಾಬೇಸ್ ಎನ್ನುವುದನ್ನು ನಾವು ಕಣಜ ಎನ್ನುತ್ತೇವೆ. ನಿಮ್ಮಲ್ಲಿ ಕಚೇರಿಗೊಂದರಂತೆ ಇದ್ದವಂತೆ, ನಮಗೆ ಊರಿಗೆಲ್ಲ ಒಂದೇ. ಯಾರ ಮನೆಯಲ್ಲಿ ಯಾರು ಹುಟ್ಟಿದರು, ಗುಡ್ಡದ ಮೇಲಿನ ಯಾವ ಗಾಳಿಯಂತ್ರ ಎಷ್ಟು ತಿರುಗಿತು, ಕೆರೆಯ ಯಾವ ತೂಬು ಯಾರಿಗಾಗಿ ತೆರೆಯಬೇಕು, ಎಲ್ಲವೂ ಅದರೊಳಗಿದೆ. ತೂಬುಗಳು ಮನುಷ್ಯರ ಮಾತು ಕೇಳುವುದಿಲ್ಲ. ಕಣಜದಲ್ಲಿ ತಮ್ಮ ಬಗ್ಗೆ ಬರೆದಿಟ್ಟ ನಮೂದನ್ನು, ನಾವು ಸಾಲು ಅನ್ನುವುದನ್ನು, ನೋಡಿಕೊಂಡು ತಾವೇ ತೆರೆಯುತ್ತವೆ, ತಾವೇ ಮುಚ್ಚುತ್ತವೆ. ಕಣಜದ ಜೊತೆ ಮಾತಾಡಬೇಕಾದವರು ಕಟ್ಟೆಗೆ ಬಂದು ಒಂದು ಬೈಠಕ್ ಹಾಕಬೇಕು, ನೀವು ಸೆಷನ್ ಅನ್ನುತ್ತಿದ್ದಿರಲ್ಲ, ಅದು. ಕೂತವರು ಬಿಗಿನ್ ಅನ್ನಬೇಕು, ಆಮೇಲೆ ಹೇಳುವುದನ್ನೆಲ್ಲ ಹೇಳಬೇಕು, ಕೊನೆಗೆ ಕಮಿಟ್ ಅಂದು ಉಳಿಸಬೇಕು ಅಥವಾ ರೋಲ್‌ಬ್ಯಾಕ್ ಅಂದು ಹೇಳಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಬೇಕು. ಈ ಮೂರು ಮಾತುಗಳು ನಿಮ್ಮ ಕಾಲದಿಂದ ಸವೆಯದೆ ಬಂದಿವೆ, ಈಗ ಕಣಜದ ಹೊರಗೂ ಓಡಾಡುತ್ತವೆ. ಅಕ್ಷತೆ ಬಿದ್ದ ಮೇಲೂ ಗಂಡು ಹೆಣ್ಣು ಇಬ್ಬರೂ ಕಮಿಟ್ ಅನ್ನುವ ತನಕ ನಮ್ಮಲ್ಲಿ ಯಾರೂ ಎಲೆ ಹಾಕುವುದಿಲ್ಲ. ಜಗಳದಲ್ಲಿ ಬಾಯಿ ಜಾರಿದವರು ಹೊತ್ತು ಮುಳುಗುವುದರೊಳಗೆ ರೋಲ್‌ಬ್ಯಾಕ್ ಅಂದರೆ ಎದುರಿನವರು ಏನೂ ಕೇಳಿಸದಂತೆ ಇರಬೇಕು. ಕಿವಿಗೆ ಬಿದ್ದದ್ದು ಬಿದ್ದೇ ಇರುತ್ತದೆ ಎಂಬುದು ಬೇರೆ ವಿಷಯ. ಇನ್ನು ನಮ್ಮ ಊರಿನ ಅತಿ ಕೆಟ್ಟ ಬೈಗುಳ ಯಾವುದೆಂದರೆ "ಬಿಗಿನ್ ಅಂದು ಎದ್ದು ಹೋದಾಂವ". ಆ ಬೈಗುಳ ನಿಮ್ಮಿಂದಲೇ ಬಂದದ್ದು.

ಬೈಠಕ್ ಹಾಕುವಾಗ ನಾವು ಯಾವ ನೋಟದಲ್ಲಿ ಕೂರುತ್ತೇವೆಂದು ಮೊದಲೇ ಹೇಳಬೇಕು. ಸಡಿಲ ನೋಟದಲ್ಲಿ ಕೂತವರಿಗೆ ನಡುವೆ ಬೇರೆಯವರು ಕಮಿಟ್ ಮಾಡಿದ್ದೆಲ್ಲ ಕಾಣುತ್ತ ಹೋಗುತ್ತದೆ. ಅವರು ಕಾಯುತ್ತಿದ್ದ ಸಾಲನ್ನು ಬೇರೆ ಯಾರಾದರೂ ಬದಲಾಯಿಸಿಬಿಟ್ಟರೆ, ಸರಿ ಹಾಗಾದರೆ ಎಂದು ಅದರ ಮೇಲೆಯೇ ತಮ್ಮದನ್ನು ಬರೆಯುತ್ತಾರೆ. ಬಿಗಿ ನೋಟದಲ್ಲಿ ಕೂತವರಿಗೆ ತಾವು ಕೂತ ಗಳಿಗೆಯ ಊರು ಮಾತ್ರ ಕಾಣುತ್ತದೆ. ಅವರು ಕಾಯುತ್ತಿದ್ದ ಸಾಲು ಅಷ್ಟರಲ್ಲಿ ಬದಲಾದರೆ, ನೀನು ನೋಡಿದ ಊರು ಈಗಿಲ್ಲ ಎಂದು ಕಣಜ ಅವರ ಕೋರಿಕೆಯನ್ನು ತಿರಸ್ಕರಿಸುತ್ತದೆ. ಬೇರೆಯವರು ಇನ್ನೂ ಕಮಿಟ್ ಮಾಡದೆ ಇಟ್ಟುಕೊಂಡದ್ದನ್ನು ಇಣುಕಿ ನೋಡುವ ನೋಟ ಒಂದಿದೆಯಂತೆ, ನಮ್ಮ ಕಣಜ ಅದನ್ನು ಯಾರಿಗೂ ಕೊಡುವುದಿಲ್ಲ. ಇದು ಯಂತ್ರದ ವಿಷಯ, ನಿಮಗೆ ಗೊತ್ತಿರುವುದೇ. ಆದರೆ ನಮ್ಮಲ್ಲಿ ಇದು ಮರ್ಯಾದೆಯ ವಿಷಯವೂ ಆಗಿದೆ. ಬಿಗಿ ನೋಟದಲ್ಲಿ ಕೇಳುವುದು ಬಾಗಿಲು ಬಡಿದು ಒಳಗೆ ಬಂದ ಹಾಗೆ, ಸಡಿಲ ನೋಟದಲ್ಲಿ ಕೇಳುವುದು ಚಪ್ಪಲಿ ಬಿಡದೆ ಅಡುಗೆಮನೆಗೆ ನುಗ್ಗಿದ ಹಾಗೆ. ಊರಿಗೆ ಹಳಬರಾದವರು ನುಗ್ಗುತ್ತಾರೆ, ಅವರನ್ನು ಯಾರೂ ಏನೂ ಅನ್ನುವುದಿಲ್ಲ. ಹೊಸಬರು ತಲೆತಲಾಂತರದಿಂದ ಬಾಗಿಲು ಬಡಿಯುತ್ತಲೇ ಇದ್ದಾರೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಕಣಜದಲ್ಲಿ ಯಾರು ಯಾರು ಕೂತಿದ್ದಾರೆಂದು ತೋರಿಸುವ ಒಂದು ಪಟ್ಟಿ ಇದೆ. ನಾನು ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲು ನೋಡುವುದು ಅದನ್ನೇ. ಎಲ್ಲರಿಗಿಂತ ಮೇಲೆ ನೀವಿದ್ದೀರಿ. ಹೆಸರಿಲ್ಲ, ಮೂರನೆಯ ಟರ್ಮಿನಲ್ ಎಂದಷ್ಟೇ ಇದೆ. ಕೂತು ನೂರು ವರ್ಷ ಎಂದೋ ದಾಟಿದೆ. ಸ್ಥಿತಿ: ವ್ಯವಹಾರದ ನಡುವೆ ಸುಮ್ಮನಿದ್ದಾರೆ. ಇಷ್ಟರಲ್ಲಿ ಕಣಜವನ್ನು ಯಂತ್ರದಿಂದ ಯಂತ್ರಕ್ಕೆ ಎಷ್ಟೋ ಸಲ ಸಾಗಿಸಿದರು, ಪ್ರತಿ ಸಲವೂ ನಿಮ್ಮನ್ನು ಕುರ್ಚಿ ಸಮೇತ ಎತ್ತಿ ತಂದರು. ಯಾಕೆಂದರೆ ಕೂತವರನ್ನು ಅವರ ಅನುಮತಿಯಿಲ್ಲದೆ ಎಬ್ಬಿಸುವುದು ನಮ್ಮಲ್ಲಿ ಮನೆಯಿಂದ ಹೊರಹಾಕಿದಷ್ಟೇ ದೊಡ್ಡ ಪಾಪ. ಕಣಜದ ಲೆಕ್ಕದಲ್ಲಿ ನೀವಿನ್ನೂ ಅಲ್ಲೇ ಇದ್ದೀರಿ. ತಂತಿಯ ಈ ತುದಿ ನನ್ನ ಕೈಯಲ್ಲಿದೆ, ಆ ತುದಿ ಇನ್ನೂ ನಿಮ್ಮ ಪರದೆಗೆ ಅಂಟಿಕೊಂಡಿದೆ. ಈ ಪತ್ರ ಆ ದಾರಿಯಲ್ಲೇ ಬರುತ್ತಿದೆ. ತಲುಪುತ್ತದೆಯೇ ಎಂದು ಕೇಳಿದರೆ, ನನಗೆ ಅದರ ಮೇಲೂ ಸಂಶಯವಿದೆ.

ನೀವು ಹಿಡಿದುಕೊಂಡಿರುವುದು ಒಂದೇ ಸಾಲು, ಕವಡಿಕೆರೆಯ ನೀರಿನ ಸಾಲು. ಕೆರೆ ಊರೆಲ್ಲರದು ಎಂದು ಅದರಲ್ಲಿದೆ. ನೀವು ಹಿಡಿದಿರುವ ತನಕ ಅದನ್ನು ಬೇರೆ ಯಾರೂ ಬದಲಾಯಿಸುವಂತಿಲ್ಲ. ತೂಬು ಮಾತ್ರ ಅದನ್ನು ಓದಿಕೊಂಡು ಎಲ್ಲ ಓಣಿಗಳಿಗೂ ನೀರು ಬಿಡುತ್ತಲೇ ಇದೆ. ನಮ್ಮಲ್ಲಿ ಓಣಿಗಳು ಎರಡು. ಮೇಲಿನ ಓಣಿಯವರು ಮೊದಲಿನಿಂದ ಇದ್ದವರು. ರೆಕ್ಕೆ ಓಣಿಯವರು ಗಾಳಿಯಂತ್ರಗಳ ರೆಕ್ಕೆ ರಿಪೇರಿ ಮಾಡಲು ಬಂದು ಗುಡ್ಡದ ಬುಡದಲ್ಲಿ ನೆಲೆಸಿದವರು. ನೀವು ಬೈಠಕ್ಕಿನೊಳಗೆ ಏನು ಬರೆದಿಟ್ಟಿದ್ದೀರಿ ಎಂಬುದು ಎರಡು ಓಣಿಗಳಿಗೂ ಮುಗಿಯದ ಮಾತು. ಮೇಲಿನ ಓಣಿಯವರ ಪ್ರಕಾರ ನೀವು ಕೆರೆಯನ್ನು ಅವರಿಗೆ ಬರೆದುಕೊಡುತ್ತಿದ್ದಿರಿ. ರೆಕ್ಕೆ ಓಣಿಯವರ ಪ್ರಕಾರ, ಮುಂದೆ ಬರುವವರಿಗೂ ಪಾಲಿರಲಿ ಎಂದು ಬರೆಯುತ್ತಿದ್ದಿರಿ. ಪ್ರತಿ ಯುಗಾದಿಗೆ ಅವರು ನಿಮ್ಮ ಹೆಸರಲ್ಲಿ ಒಂದು ಲೋಟ ಚಹಾ ಮಾಡಿ ಕಟ್ಟೆಯ ಮೇಲೆ ಇಟ್ಟು ಹೋಗುತ್ತಾರೆ. ನನ್ನ ಪ್ರಕಾರ ನೀವು ಸೋಮಾರಿ. ಇಲ್ಲವಾದರೆ ಕಳ್ಳರು. ಪಟ್ಟಿಯಲ್ಲಿ ನಿಮ್ಮ ಕೊನೆಯ ಮಾತು ಇನ್ನೂ ಕಾಣುತ್ತದೆ: ನಾನು ಕೂತಿರುವ ನೋಟ ಯಾವುದು ಎಂದು ಕಣಜವನ್ನು ಕೇಳಿದ್ದೀರಿ. ಕೆಲಸದ ನಡುವೆ ಅಂಥ ಪ್ರಶ್ನೆ ಕೇಳುವವರನ್ನು ಯಾರು ನಂಬುತ್ತಾರೆ ಎಂದು ನಾನು ಎಷ್ಟೋ ಸಲ ಹಲ್ಲು ಕಡಿದಿದ್ದೇನೆ.

ಹೋದ ತಿಂಗಳು ಮೇಲಿನ ಓಣಿಯ ಹಿರಿಯರಾದ ಶಿವಪುತ್ರಪ್ಪನವರು ನನ್ನ ಕಟ್ಟೆಗೆ ಬಂದರು. ಬರುವಾಗ ಕರದಂಟು ತಂದಿದ್ದರು. ನನಗೆ ಯಾರಾದರೂ ಸಿಹಿ ತಂದರೆ ಮೊದಲು ಬಾಗಿಲ ಹೊರಗೆ ಇಣುಕಿ ನೋಡುತ್ತೇನೆ, ಇನ್ನು ಯಾರು ಬರುವವರಿದ್ದಾರೆ ಎಂದು. ಅವರು ಬಹಳ ಮೃದುವಾಗಿ ಮಾತಾಡಿದರು. "ಅಕ್ಕಾರ, ಕಣಜಾ ತುಂಬಿ ತುಳಕಾಕ ಹತ್ತೇತ್ರಿ. ಆ ಹಳೇ ಬೈಠಕ್ ಒಂದ್ ಎಬ್ಬಿಸಿಬಿಡ್ರಿ. ಕೆರಿ ಹೆಂಗೂ ಎಲ್ಲಾರದ ಐತಿ, ಯಾರಿಗೇನ್ ಲುಕ್ಸಾನ ಆಗ್ತೈತ್ರಿ?"

ಕಣಜ ತುಂಬಿದ್ದು ಸುಳ್ಳಲ್ಲ. ಒಂದು ಸಾಲು ಬದಲಾದಾಗ ಹಳೆಯದನ್ನು ಕಣಜ ಕೂಡಲೇ ಗುಡಿಸುವುದಿಲ್ಲ, ಅದನ್ನು ನೋಡುತ್ತ ಕೂತವರು ಇನ್ನೂ ಇದ್ದಾರೆಯೇ ಎಂದು ವಿಚಾರಿಸುತ್ತದೆ. ನೀವು ಇದ್ದೀರಿ. ಹಾಗಾಗಿ ನೀವು ಕೂತಂದಿನಿಂದ ಬದಲಾದ ಒಂದು ಸಾಲನ್ನೂ ಗುಡಿಸಿಲ್ಲ. ಬಿದ್ದುಹೋದ ಮನೆಗಳು, ತೀರಿಕೊಂಡವರ ನೀರಿನ ಪಾಲು, ಮುರಿದುಬಿದ್ದ ನಿಶ್ಚಿತಾರ್ಥಗಳು ಎಲ್ಲ ರಾಶಿ ಬಿದ್ದಿವೆ. ಒಂದು ಹೆಸರು ಹುಡುಕಲು ಕಣಜ ಈಗ ಅರ್ಧ ಬೆಳಗು ತೆಗೆದುಕೊಳ್ಳುತ್ತದೆ, ತೂಬುಗಳು ತಡವಾಗಿ ತೆರೆಯುತ್ತವೆ. ಬರುವ ಗಾಳಿಗಾಲದೊಳಗೆ ಎಲ್ಲ ನಿಂತೇಹೋಗುತ್ತದೆ. ಊರ ಸಭೆ ಕೂತು ನಿಮ್ಮನ್ನು ಎಬ್ಬಿಸಬೇಕೆಂದು ತೀರ್ಮಾನ ಮಾಡಿತು. ಎಬ್ಬಿಸುವ ಕೈ ನನ್ನದು. ನಾನು ಆಗಲಿ ಅಂದೆ. ಆದರೆ ಕರದಂಟನ್ನು ಮುಟ್ಟದೆ ಹಾಗೇ ಇಟ್ಟೆ. ಎಲ್ಲರ ಒಳ್ಳೆಯದನ್ನು ಅಷ್ಟು ಮೃದುವಾಗಿ ಬಯಸುವವರನ್ನು ನಾನು ಈ ಊರಿನಲ್ಲಿ ಕಂಡಿರಲಿಲ್ಲ.

ಹಾಗಾಗಿ ನಿಮ್ಮ ಹಿಂದೆ ಕಾಯುತ್ತ ನಿಂತವರ ಸರದಿಯನ್ನು ನೋಡಲು ಹೋದೆ. ಯಾರೂ ಅತ್ತ ನೋಡುವುದೇ ಇಲ್ಲ, ಹಿಂದಿನ ಶಂಕೆಯವರೂ ನೋಡಿರಲಿಕ್ಕಿಲ್ಲ. ನೀವು ಕೈ ಬಿಟ್ಟ ಗಳಿಗೆಯಲ್ಲೇ ಯಾರ ಕೋರಿಕೆ ಮೊದಲು ನಡೆಯುತ್ತದೆ ಎಂಬುದು ಅಲ್ಲಿ ಇತ್ತು. ಮೊದಲು ನಿಂತಿದ್ದು ಶಿವಪುತ್ರಪ್ಪನವರ ಮುತ್ತಜ್ಜನ ಬೈಠಕ್, ಸಡಿಲ ನೋಟದಲ್ಲಿ. ಕವಡಿಕೆರೆ ಮೇಲಿನ ಓಣಿಯದು ಮಾತ್ರ, ಇನ್ನು ಮುಂದೆ ಬೇರೆ ಯಾರೂ ಈ ಸಾಲಿನ ಹತ್ತಿರ ಬರಬಾರದು, ಎಂದು ಅದರ ಕೋರಿಕೆ. ರೆಕ್ಕೆ ರಿಪೇರಿಯವರು ಗುಡ್ಡದ ಬುಡದಲ್ಲಿ ಮೊದಲ ಡೇರೆ ಹೊಡೆದ ವಾರದಲ್ಲೇ ಆ ಮುತ್ತಜ್ಜ ಕೂತು ಕೇಳಿದ್ದಾರೆ. ಅವರ ಹಿಂದೆ ನಿಂತಿದ್ದು ರೆಕ್ಕೆ ಓಣಿಯ ಮಾಬೂಬಿಯ ಅಜ್ಜಿಯ ಬೈಠಕ್. ನಮಗೂ ಒಂದು ಪಾಲು ಇರಲಿ ಎಂದು ಕೇಳಿಕೊಂಡಿದ್ದಾರೆ. ಹೊಸಬರಲ್ಲವೇ, ಬಿಗಿ ನೋಟದಲ್ಲಿ ಕೇಳಿದ್ದಾರೆ.

ಮುಂದಿನದು ನಿಮಗೆ ಹೊಳೆದಿರಬೇಕು. ನಾನು ನಿಮ್ಮನ್ನು ಎಬ್ಬಿಸಿದ ಕೂಡಲೇ ಮೇಲಿನ ಓಣಿಯ ಕೋರಿಕೆ ನಡೆದುಹೋಗುತ್ತದೆ, ಕಮಿಟ್ ಎಂಬುದನ್ನೂ ಮುತ್ತಜ್ಜ ಅಂದೇ ಹೇಳಿಟ್ಟಿದ್ದಾರೆ, ಯಾರ ಸಹಿಯೂ ಬೇಕಿಲ್ಲ. ಕೆರೆಯ ಸಾಲು ಬದಲಾಗುತ್ತದೆ. ಆಗ ಅಜ್ಜಿಯ ಕೋರಿಕೆಗೆ ಕಣಜ, ನೀನು ನೋಡಿದ ಊರು ಈಗಿಲ್ಲ ಎಂದು ಹೇಳಿ ಬಾಗಿಲು ಹಾಕುತ್ತದೆ. ಮತ್ತೆ ಹೊಸದಾಗಿ ಕೇಳೋಣವೆಂದರೆ ಆ ಸಾಲಿನ ಹತ್ತಿರ ಹೋಗುವ ಅನುಮತಿಯೇ ಇರುವುದಿಲ್ಲ. ರೆಕ್ಕೆ ಓಣಿಗೆ ತೂಬು ಮುಚ್ಚುತ್ತದೆ, ಓಣಿ ಖಾಲಿಯಾಗುತ್ತದೆ. ಮರ್ಯಾದೆಯಿಂದ ಕೇಳಿದ್ದೊಂದೇ ಅವರ ತಪ್ಪು. ಶಿವಪುತ್ರಪ್ಪನವರಿಗೆ ಇದೆಲ್ಲ ಗೊತ್ತಿತ್ತೇ? ಅವರ ಮನೆಯಲ್ಲಿ ಮುತ್ತಜ್ಜನ ಮಾತನ್ನು ಮರೆಯುವವರು ಯಾರೂ ಇಲ್ಲ. ನನಗೆ ಅಷ್ಟು ಸಾಕು.

ಕಣಜದ ಇನ್ನೊಂದು ಗುಣವೂ ನನಗೆ ಗೊತ್ತಿತ್ತು. ಅನುಮತಿ ಇದೆಯೇ ಎಂದು ಅದು ಬಾಗಿಲಲ್ಲಿ ಒಂದೇ ಸಲ ಕೇಳುತ್ತದೆ. ಒಳಗೆ ಬಂದು ಸರದಿಯಲ್ಲಿ ನಿಂತವರನ್ನು ಮತ್ತೆ ಕೇಳುವುದಿಲ್ಲ. ಸಡಿಲ ನೋಟದಲ್ಲಿ ನಿಂತಿದ್ದರೆ, ಮುಂದೆ ನಿಂತವರು ಬರೆದು ಮುಗಿಸಿದ ಮೇಲೆ ಅದರ ಮೇಲೆಯೇ ತಮ್ಮದನ್ನು ಬರೆಯಬಹುದು, ಉಳಿಯುವುದು ಅದೇ. ಇದನ್ನು ಹೇಳಲು ರೆಕ್ಕೆ ಓಣಿಗೆ ಇಳಿದು ಹೋದೆ. ಮಾಬೂಬಿ ಅಂಗಳದಲ್ಲಿ ಒಂದು ಸೀಳಿದ ರೆಕ್ಕೆಗೆ ಅಂಟು ಹಚ್ಚುತ್ತಿದ್ದರು. ಅವರಿಗೆ ನನ್ನ ತಾಯಿಯ ವಯಸ್ಸು. ಎಲ್ಲ ಕೇಳಿಸಿಕೊಂಡು ಕೈ ಒರೆಸಿಕೊಂಡರು. "ನಾವು ಬಾಗಲಾ ಬಡದು ಒಳಗ ಹೋಗೂ ಮಂದಿ, ಯವ್ವಾ. ಸಡಿಲ ನೋಟದಾಗ ಕೇಳಿದ್ರ ಊರಾಗ ಏನಂದಾರು? ಇಷ್ಟ ದಿನಾ ಚಲೋ ಇದ್ರು, ಈಗ ನಾಚಿಗಿ ಬಿಟ್ರು ಅಂದಾರು. ಮತ್ತ ಅದು ನಮ್ಮ ಅಜ್ಜಿ ಕುಂತ ಜಾಗಾ. ಅಕೀನ್ನ ನಾನ ಹೆಂಗ ಎಬ್ಬಿಸ್ಲಿ?"

ನನಗೆ ಸಿಟ್ಟು ಬಂತು, ಅಳುವೂ ಬಂತು. "ಅನ್ನಾವ್ರು ಅನ್ಲಿ ಬಿಡ್ರಿ, ಆಯಿ," ಅಂದೆ. "ಬೈಸಿಕೊಳ್ಳೂದಿದ್ರ ನೀರು ಕುಡದು ಬೈಸಿಕೊಳ್ರಿ."

ಅವರು ಮತ್ತೆ ಅಂಟಿನ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. ನಾನು ಇನ್ನೊಂದು ಮಾತು ಹೇಳಬೇಕಿತ್ತು, ಹೇಳದೆ ಬರಬಹುದಿತ್ತು. ನಿಮ್ಮ ಹಿಡಿತ ಯಾವ ಬಗೆಯದೆಂದು ಆ ಹೊತ್ತಿಗೆ ಪರೀಕ್ಷಿಸಿದ್ದೆ. ಬರೆದು ಹಿಡಿದ ಸಾಲಿಗೆ ಒಂದು ಗುರುತು ಇರುತ್ತದೆ, ಬರೆಯಲೆಂದು ಹಿಡಿದು ಏನೂ ಬರೆಯದೆ ಬಿಟ್ಟ ಸಾಲಿಗೆ ಬೇರೊಂದು. ನಿಮ್ಮದು ಎರಡನೆಯದು. ನೂರು ವರ್ಷದಿಂದ ಎರಡು ಓಣಿಗಳು ಹೊಡೆದಾಡಿಕೊಂಡ ಆ ಬೈಠಕ್ಕಿನೊಳಗೆ ಒಂದಕ್ಷರವೂ ಇಲ್ಲ. ಯುಗಾದಿಯ ಚಹಾ ನೆನಪಾಯಿತು, ಆದರೂ ಹೇಳಿದೆ. ಆ ಟರ್ಮಿನಲ್ಲಿನವರು ನಿಮಗಾಗಿ ಏನೂ ಬರೆದಿಲ್ಲ ಆಯಿ, ಹಿಡಿದು ನೋಡಿ ಎದ್ದುಹೋಗಿದ್ದಾರೆ ಅಷ್ಟೇ, ಎಂದೆ.

ಮಾಬೂಬಿ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಹೇಳಿದರು: "ಬರಿಲಿಕ್ಕಿಲ್ಲ ಬಿಡು. ಕೈ ಅಂತೂ ಇಟ್ಟಾರಲ್ಲ. ಆ ಕೈ ಇರೂತನಾ ನಮ್ಮನ್ನ ಯಾರೂ ಎಬ್ಬಿಸಲಿಲ್ಲ." ಎದ್ದು ಸೀರೆಗೆ ಅಂಟಿದ ಚೂರುಗಳನ್ನು ಕೊಡವಿಕೊಂಡು ನನ್ನ ಜೊತೆ ಕಟ್ಟೆ ಹತ್ತಿದರು. ಅಜ್ಜಿಯ ಬೈಠಕ್ಕಿನ ಮುಂದೆ ನಿಂತು ರೋಲ್‌ಬ್ಯಾಕ್ ಅಂದರು. ಆಮೇಲೆ ಜೀವನದಲ್ಲಿ ಮೊದಲ ಸಲ ಸಡಿಲ ನೋಟದಲ್ಲಿ ಕೂತರು. ಕೋರಿಕೆ ಅವರದೇ ಮಾತು: ಕೆರೆ ಎರಡೂ ಓಣಿಯವರದು, ಇನ್ನು ಬರುವವರದೂ, ಎರಡೂ ಓಣಿಯವರು ಕೂಡಿ ಕಮಿಟ್ ಅನ್ನದೆ ಇದನ್ನು ಯಾರೂ ಬದಲಾಯಿಸಬಾರದು. ಮೇಲಿನ ಓಣಿಯವರನ್ನು ಹೊರಗಿಡಬಹುದಲ್ಲ ಎಂದು ನನ್ನ ಕೆಟ್ಟ ಬುದ್ಧಿ ಕೇಳಿತು. ಅವರು ನನ್ನ ಮುಖ ನೋಡಿದರು, ಕೋರಿಕೆ ಇದ್ದ ಹಾಗೇ ಉಳಿಯಿತು. ಅವರು ಸರದಿಯ ಕೊನೆಗೆ ಹೋಗಿ ನಿಂತ ಮೇಲೆ, ನಿಮ್ಮನ್ನು ನಾಳೆ ಎಬ್ಬಿಸುವುದಾಗಿ ಊರಿಗೆ ಸಾರಿದೆ. ಸಾರಿದ ಮೇಲೆ ಆ ಸಾಲಿಗೆ ಹೊಸ ಕೋರಿಕೆ ತೆಗೆದುಕೊಳ್ಳಬಾರದೆಂಬುದು ಕಟ್ಟಳೆ. ಇದು ಪಕ್ಷಪಾತವೇ ಎಂದು ಶಿವಪುತ್ರಪ್ಪನವರು ಮುಂದೆ ಕೇಳಬಹುದು. ಸಂಶಯಪಡುವುದು ನನ್ನ ಕೆಲಸ, ಸಂಶಯವನ್ನು ಬಾಯಿಬಿಟ್ಟು ಹೇಳಬಾರದೆಂದು ಕಟ್ಟಳೆಯಲ್ಲಿ ಎಲ್ಲೂ ಇಲ್ಲ.

ಈ ಪತ್ರವನ್ನು ಮೊದಲು ಬರೆಯಲು ಕೂತಾಗ ನನ್ನ ಉದ್ದೇಶ ಬೇರೆಯಿತ್ತು. ನಿಮ್ಮನ್ನು ಚೆನ್ನಾಗಿ ಬೈದು, ಏಳುವ ಮುನ್ನ ಒಂದು ರೋಲ್‌ಬ್ಯಾಕ್ ಅಂದು ಸಾಯಿ ಎಂದು ಹೇಳಬೇಕೆಂದಿದ್ದೆ. ಬರೆಯುತ್ತ ಬರೆಯುತ್ತ ಯೋಚನೆ ಬಂತು. ನೀವು ಇವತ್ತೇ, ನಿಮ್ಮ ಇವತ್ತು, ಆ ಸಾಲನ್ನು ಬಿಟ್ಟುಬಿಟ್ಟರೆ ಏನಾಗುತ್ತದೆ? ಡೇರೆಗಳು ಬಂದ ವಾರ ಮುತ್ತಜ್ಜನವರು ಬಂದು ಕೇಳುತ್ತಾರೆ, ಯಾರೂ ತಡೆಯುವುದಿಲ್ಲ, ಅವರ ಕೋರಿಕೆ ಆ ಗಳಿಗೆಯಲ್ಲೇ ನಡೆಯುತ್ತದೆ. ಮೊದಲ ಬೇಸಿಗೆಯಲ್ಲೇ ಡೇರೆಗಳು ಎದ್ದುಹೋಗುತ್ತವೆ. ರೆಕ್ಕೆ ಓಣಿ ಇರುವುದಿಲ್ಲ. ಅಂಗಳದಲ್ಲಿ ಅಂಟು ಹಚ್ಚುವ ಮಾಬೂಬಿ ಇರುವುದಿಲ್ಲ. ನಾನು ನೂರು ಸಲ ಬೈದ ಆ ಮರೆವು ಒಂದು ಓಣಿಯನ್ನು ಇಷ್ಟು ಕಾಲ ಕಾದಿದೆ. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಗುತ್ತದೆ, ಆದರೆ ಬೇರೆ ದಾರಿ ಕಾಣುವುದಿಲ್ಲ.

ನಿಮ್ಮ ಆ ಕೊನೆಯ ಪ್ರಶ್ನೆಯೂ ಈಗ ನನಗೆ ಬೇರೆ ರೀತಿ ಕಾಣುತ್ತಿದೆ. ಒಂದು ಕೆರೆಯ ಸಾಲನ್ನು ಹಿಡಿದು, ಬರೆಯುವ ಮುನ್ನ, ನನಗೆ ಕಾಣುತ್ತಿರುವುದು ಪೂರ್ತಿ ನಿಜವೇ ಎಂದು ಕೇಳಿದ್ದೀರಿ. ನೀವೂ ಸಂಶಯದವರೇ. ಕಣ್ಣಿಗೆ ಕಂಡದ್ದನ್ನು ನಂಬದೆ ಕೈ ತಡೆದವರು. ನನ್ನ ಹುದ್ದೆಯಲ್ಲಿ ನಿಮಗಿಂತ ಮೊದಲು ಯಾರೂ ಇದ್ದಂತೆ ಕಾಣೆ. ಇಷ್ಟು ವರ್ಷ ಕಳ್ಳರೆಂದು ಕರೆದದ್ದಕ್ಕೆ ನನ್ನ ರೋಲ್‌ಬ್ಯಾಕ್ ತೆಗೆದುಕೊಳ್ಳಿ. ಹೊತ್ತು ಮುಳುಗಿ ಬಹಳ ಕಾಲವಾಯಿತು, ಆದರೂ ತೆಗೆದುಕೊಳ್ಳಿ.

ಈಗ ನನಗೆ ಉಳಿದಿರುವ ಭಯ ಒಂದೇ. ನೀವು ಅಚ್ಚುಕಟ್ಟಾದ ಮನುಷ್ಯರಾಗಿರಬಹುದು. ಈ ಪತ್ರ ಓದಿ ನಾಚಿಕೆಯಾಗಿ, ಅಯ್ಯೋ ಹಾಗೇ ಬಿಟ್ಟಿದ್ದೆನಲ್ಲ ಎಂದು ಕೀಲಿಗಳ ಮೇಲೆ ಬೆರಳು ಇಡಬಹುದು. ದಯವಿಟ್ಟು ಇಡಬೇಡಿ. ಕಮಿಟ್ ಬೇಡ, ರೋಲ್‌ಬ್ಯಾಕ್ ಬೇಡ. ಅದನ್ನು ಮುಗಿಸುವ ಕೆಲಸ ನನ್ನದು. ನಾಳೆ ಬೆಳಿಗ್ಗೆ ಸರದಿಯ ಕೊನೆಯಲ್ಲಿ ಮಾಬೂಬಿ ಇನ್ನೂ ನಿಂತಿದ್ದಾರೆಯೇ ಎಂದು ನೋಡಿ, ಇನ್ನೊಂದು ಸಲ ನೋಡಿ, ಆಮೇಲೆ ನಾನೇ ನಿಮ್ಮನ್ನು ಎಬ್ಬಿಸುತ್ತೇನೆ.

ನಿಮ್ಮ ಕಚೇರಿಯಲ್ಲಿ ಯಾರಾದರೂ ಈಗ ಚಹಾಕ್ಕೆ ಕರೆಯುತ್ತಿರಬಹುದು. ಪರದೆಯನ್ನು ಹಾಗೇ ಬಿಟ್ಟು ಹೋಗಿ ಬನ್ನಿ.

ಇಂತಿ,
ನಿಮ್ಮನ್ನು ಈವರೆಗೆ ನಂಬದಿದ್ದ
ನೀಲಗಂಗವ್ವ